ಸೈಲೊದ ಚರಿತ್ರೆಯಲ್ಲಿ ಒಂದು ಹೆಸರು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗೋಧಿ ಸೀಮೆಯಲ್ಲಿ, ರೈಲು ಹಳಿಯ ಪಕ್ಕ ನಿಂತಿದ್ದ ಒಂದು ಸೈಲೊವನ್ನು ನಮ್ಮ ಕಂಪನಿ ಮುಚ್ಚಿತು. ಸುತ್ತಲಿನ ರೈತರು ತಲೆಮಾರುಗಳಿಂದ ಗೋಧಿ ತಂದು ಸುರಿದ ಕಾಂಕ್ರೀಟ್ ಗೋಪುರ ಅದು. ಮುಚ್ಚಿದ ಮರುದಿನದಿಂದಲೇ ಮುಚ್ಚಿದವರಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅದರ ಚರಿತ್ರೆ ಬರೆಸಿ ಮೆಲ್ಬರ್ನ್ ಆಫೀಸಿನ ಲಾಬಿಯಲ್ಲಿ ಫಲಕ ಹಾಕುವುದಂತೆ. ಒಂದು ಕಾಳು ಗೋಧಿಯೂ ಬಿದ್ದಿರದ ಲಾಬಿ. ಬರೆಯುವ ಕೆಲಸ ಸಿಡ್ನಿಯಲ್ಲಿ, ಚಾಟ್ಸ್‌ವುಡ್ ಆಫೀಸಿನಲ್ಲಿ ಕೂತ ನನ್ನ ತಲೆಗೆ ಬಂತು.

ಫೋನ್ ಮಾಡಿ ಆ ಊರಿನ ಹಳಬರನ್ನು ಮಾತಾಡಿಸಿದೆ. ತಗಡಿನ ಶೆಡ್ ಹೋಗಿ ಸೈಲೊ ಎದ್ದದ್ದು, ಮೂಟೆ ಹೊರುವುದು ನಿಂತದ್ದು, ಕೊನೆಗೆ ಲಾರಿಗಳು ನೇರ ಬಂದರಿಗೇ ಹೋಗತೊಡಗಿದ್ದು, ಎಲ್ಲ ಹೇಳಿದರು. ವಯಸ್ಸಾದ ಹೆಂಗಸೊಬ್ಬರು ಮಾತ್ರ ತಮ್ಮ ಅಪ್ಪನ ಬಗ್ಗೆ ಹೇಳಿದರು. ಸೈಲೊದೊಳಗೆ ಗಟ್ಟಿಯಾಗಿ ಕಟ್ಟಿಕೊಂಡ ಗೋಧಿಯನ್ನು ಬಿಡಿಸಲು ಇಳಿದವನು ಅದರಲ್ಲೇ ಹೂತುಹೋಗಿದ್ದ.

"ಅವರ ಹೆಸರು ಎಲ್ಲೂ ಇಲ್ಲ. ನೀವು ಹಾಕುತ್ತೀರಾ?" ಎಂದು ಕೇಳಿದರು.

ಹಾಕುತ್ತೇನೆ ಎಂದೆ. ಧಾರವಾಡ ಕಡೆಯ ನಮ್ಮ ಮನೆಯಲ್ಲಿ ಹಗೇವು ಇತ್ತು, ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳದ ಕಣಜ. ಹಿಂದೊಮ್ಮೆ ಅದರೊಳಗಿನ ಕೆಟ್ಟ ಗಾಳಿಗೆ ಒಬ್ಬ ಆಳು ಸತ್ತಿದ್ದನಂತೆ. ಹಗೇವಿನ ಬಾಯಿ ತೆರೆದಾಗಲೆಲ್ಲ ಅಜ್ಜಿ ಮೊದಲು ಅವನ ಹೆಸರು ಹೇಳಿ, ಆಮೇಲೆ ಗಾಳಿ ಹೇಗಿದೆ ನೋಡಲು ದೀಪ ಇಳಿಬಿಡುತ್ತಿದ್ದಳು. ಅದಾಗದೆ ಯಾರೂ ಒಳಗೆ ಇಳಿಯುವಂತಿರಲಿಲ್ಲ.

ಮೆಲ್ಬರ್ನ್ ಮ್ಯಾನೇಜರ್ ಬೆಂಗಳೂರಿನವನು. ಓದುವ ರೋಗ ಅವನಿಗೆ ಎಂದೂ ತಗಲಿರಲಿಲ್ಲ. ವಿಡಿಯೊ ಕಾಲ್‌ನಲ್ಲಿ ನಾನು ವಿಷಯ ಹೇಳಿದ್ದಕ್ಕೇ ಮುಖ ಕಿವುಚಿದ.

"ಸಾವು ಗೀವು ಎಲ್ಲ ಬೇಡ ಗುರು. ಪಾಸಿಟಿವ್ ಆಗಿರ್ಲಿ. ಜನ ಅಲ್ಲಿ ಸೆಲ್ಫಿ ತಗೋಬೇಕು."

"ನಮ್ಮ ಕೆಲಸದಾಗ ಸತ್ತಾನ್ರೀ ಅಂವ."

"ಆ ಲೈನ್ ತೆಗೆದು ಕಳ್ಸು, ಅಪ್ರೂವ್ ಮಾಡ್ತೀನಿ."

ನಾನು ತೆಗೆಯಲಿಲ್ಲ. ಬರೆದದ್ದನ್ನು ಹಾಗೆಯೇ ಕಳಿಸಿದೆ. ಸೈಲೊದ ಫೋಟೊ ಇನ್ನೂ ದೊಡ್ಡದಿರಲಿ ಎಂಬ ಅಮೂಲ್ಯ ಸಲಹೆಯೊಂದಿಗೆ ತಕ್ಷಣ ಒಪ್ಪಿಗೆ ಬಂತು. ಅವನ ಸೋಮಾರಿತನದ ಮೇಲೆ ನನಗಿದ್ದ ನಂಬಿಕೆ ಹುಸಿಯಾಗಲಿಲ್ಲ.

ಉದ್ಘಾಟನೆಗೆ ನಾನೂ ಮೆಲ್ಬರ್ನ್‌ಗೆ ಹೋದೆ. ಆ ಹೆಂಗಸು ಊರಿನಿಂದ ಬಂದು ಮುಂದೆಯೇ ಕೂತಿದ್ದರು. ಫಲಕವನ್ನು ಎಲ್ಲರಿಗೂ ಓದಿ ಹೇಳಲು ಕಂಪನಿಯ ಡೈರೆಕ್ಟರ್ ಆ ಮ್ಯಾನೇಜರ್‌ನನ್ನೇ ಕರೆದರು. ಅವನು ಅದನ್ನು ಮೊದಲ ಸಲ ಓದುತ್ತಿದ್ದಾನೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ಕೋಟಿನ ಗುಂಡಿ ಹಾಕಿಕೊಂಡು, ರೈಲು, ಶೆಡ್ಡು, ಮೂಟೆ ಎಂದು ನಾಟಕದ ದನಿಯಲ್ಲಿ ಸಾಗಿದವನು ಆ ಸಾಲಿಗೆ ಬಂದು ನಿಂತ. ನನ್ನ ಕಡೆ ನೋಡಿದ. ನಾನೂ ಅವನನ್ನೇ ನೋಡಿದೆ. ಡೈರೆಕ್ಟರ್ ಕಾಯುತ್ತಿದ್ದರು. ಬೇರೆ ದಾರಿಯಿಲ್ಲದೆ ಆ ಹೆಸರನ್ನು ಬಾಯೊಳಗೇ ಗೊಣಗಿದ.

ಆ ಹೆಂಗಸು ಎದ್ದು ನಿಂತರು.

"ಇನ್ನೊಂದು ಸಲ ಓದಿ, ಕೇಳಿಸಲಿಲ್ಲ," ಎಂದರು.

ಅವನು ಜೋರಾಗಿ ಓದಿದ.