ಕಬ್ಬಿನ ಪಾಳಿಯಲ್ಲಿ ಏಳುವ ಪದ

ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ಅಂಗಳಕ್ಕೆ ಇನ್ನೂ ಬೆಳಕು ಹರಿದಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ತೂಕಕ್ಕಾಗಿ ರಸ್ತೆಯವರೆಗೂ ಪಾಳಿ ಹಚ್ಚಿವೆ. ಒಂದೊಂದರ ಸೌಂಡ್ ಬಾಕ್ಸಿನಿಂದಲೂ ಒಂದೊಂದು ಡಿಜೆ ಹಾಡು. ತುಕ್ಕಾನಟ್ಟಿಯ ಚಾಲಕ ಮಾಲಿಂಗಪ್ಪ ಎಂಜಿನ್ ಆರಿಸಿ, ಮುಖಕ್ಕೆ ನೀರು ಚಿಮುಕಿಸಿಕೊಂಡು, ತಾಳ ಹಿಡಿದು ಕೆಳಗಿಳಿಯುತ್ತಾರೆ. ತತ್ವಪದದ ಪಲ್ಲವಿ ಎತ್ತುವಷ್ಟರಲ್ಲಿ ಹತ್ತಿರದ ಬಾಕ್ಸುಗಳು ಬಾಯಿ ಮುಚ್ಚುತ್ತವೆ. ಕಂಬಳಿ ಹೊದ್ದ ಚಾಲಕರು ಬಂದು ಸುತ್ತ ಕೂರುತ್ತಾರೆ.

ಒಂದು ಕಾಲಕ್ಕೆ ಆ ಬಾಕ್ಸುಗಳಲ್ಲಿ ಮೊಳಗುತ್ತಿದ್ದುದು ಇವರದೇ ದನಿ. ಮೂಡಲಗಿಯಲ್ಲಿ ಸ್ಟುಡಿಯೋ ನಡೆಸುವ ಶುಭಮ್ ಇವರ ಕಂಠ ಮೆಚ್ಚಿ, ಹುಡುಗಿಯೊಬ್ಬಳನ್ನು ಛೇಡಿಸುವ ಹಾಡೊಂದನ್ನು ಹಾಡಿಸಿದ್ದರು. ಆ ಹಂಗಾಮಿನಲ್ಲಿ ಗೋಕಾಕದಿಂದ ಹುಕ್ಕೇರಿಯವರೆಗೆ ಮದುವೆ ಮೆರವಣಿಗೆಗಳೆಲ್ಲ ಅದಕ್ಕೇ ಕುಣಿದವು. ಮುಂದಿನ ಹಂಗಾಮಿಗೆ ಬೇರೆ ಹಾಡು ಬಂತು; ಇದನ್ನು ಹಾಕುವವರೇ ಇಲ್ಲವಾದರು. ಕಸಿವಿಸಿಗೊಂಡ ಮಾಲಿಂಗಪ್ಪ, ಇನ್ನೊಂದು ಹಿಟ್ ಕೊಟ್ಟೇ ಸೈ ಎಂದು ಸ್ಟುಡಿಯೋಗೆ ಮಾತು ಕೊಟ್ಟು ಬಂದರು.

ಅಷ್ಟರಲ್ಲಿ ಒಂದು ನಸುಕಿನಲ್ಲಿ, ಇದೇ ಪಾಳಿಯಲ್ಲಿ, ಹಿಂದಿನ ಟ್ರ್ಯಾಕ್ಟರಿನ ಅರ್ಜುನನಿಗೆ ತಾಯಿ ತೀರಿಕೊಂಡ ಸುದ್ದಿ ಬಂತು. ಬದಲಿ ಚಾಲಕ ಬರುವವರೆಗೆ ಕಬ್ಬು ಬಿಟ್ಟು ಹೋಗುವಂತಿಲ್ಲ. ಅವನು ಗಾಲಿಗೆ ಒರಗಿ ಕುಳಿತುಬಿಟ್ಟ. ಪಾಳಿಯ ಹಾಡುಗಳು ಒಂದೊಂದಾಗಿ ನಿಂತವು.

"ಕಾಕಾ, ಒಂದು ಪದಾ ಹಾಡ್ರಿ," ಎಂದ ಅರ್ಜುನ. "ಊರಾಗ ಅವ್ವನ ಮುಂದ ಭಜನಿ ಮಾಡಾಕತ್ತಿರ್ತಾರ. ನಾ ಇಲ್ಲೇ ಅದೇನಿ."

ಮಾಲಿಂಗಪ್ಪನವರ ಬಾಯಿಗೆ ಬಂದದ್ದು ಸೋದರತ್ತೆ ಕಾಡವ್ವ ಹೊಲದಲ್ಲಿ ಕಳೆ ತೆಗೆಯುತ್ತ ಕಲಿಸಿದ ತತ್ವಪದ. ಒಂದು ನುಡಿಯ ಅರ್ಥ ಮನಸ್ಸಿಗಿಳಿಯುವ ತನಕ ಆಕೆ ಮುಂದಿನದನ್ನು ಹೇಳಿಕೊಡುತ್ತಿರಲಿಲ್ಲವಂತೆ. ಎರಡನೇ ನುಡಿಗೆ ಚಾಲಕರೂ ದನಿಗೂಡಿಸಿದರು. ಅವರವರ ಮನೆಯಲ್ಲಿ ಕೇಳಿ ಬೆಳೆದ ಪದವೇ ಅದು. ಅಲ್ಲಿಯವರೆಗೆ ಬಿಗಿದುಕೊಂಡಿದ್ದ ಅರ್ಜುನ ಆಗ ಅತ್ತ.

"ನನ್ನ ಹಾಡಿಗೆ ಮಂದಿ ಕುಣಿದ್ರು, ಖರೆ," ಎನ್ನುತ್ತಾರೆ ಮಾಲಿಂಗಪ್ಪ. "ಆದ್ರ ಆ ಹುಡುಗನ ಮುಂದ ಅದನ್ನ ಹೆಂಗ ಹಾಡೂದ್ರಿ?"

ಕೊಟ್ಟ ಮಾತಿನಂತೆ ಇವರು ಸ್ಟುಡಿಯೋಗೆ ಹೋಗದಿದ್ದಾಗ ಶುಭಮ್ ಮತ್ತೆ ಮತ್ತೆ ಫೋನ್ ಮಾಡಿದರು. ಸುಮ್ಮನಿದ್ದರೆ ಇದ್ದ ಹೆಸರೂ ಹೋಗುತ್ತದೆ ಎಂದರು. ಕೊನೆಗೆ ತತ್ವಪದಕ್ಕೇ ಡಿಜೆ ಕೂಡಿಸೋಣ, ಎರಡು ನುಡಿ ಸಾಕು ಎಂದು ದಾರಿ ತೋರಿಸಿದರು. ಹಾಡಿದರೆ ಪೂರ್ತಿ ಹಾಡುತ್ತೇನೆ ಎಂದು ಮಾಲಿಂಗಪ್ಪ ಪಟ್ಟು ಹಿಡಿದರು. ಆಮೇಲೆ ಫೋನ್ ಬರಲಿಲ್ಲ.

ಅರ್ಜುನ ಅತ್ತ ಆ ನಸುಕಿನಿಂದ ಪಾಳಿಯಲ್ಲಿ ಪದ ಹಾಡುವುದು ಇವರ ರೂಢಿಯಾಗಿದೆ. ಈಗಲೂ ಕೆಲವರು ಬೇಕೆಂದೇ ಬಾಕ್ಸಿನ ಸದ್ದು ಏರಿಸುತ್ತಾರೆ. ಮಾಲಿಂಗಪ್ಪ ಜಗಳಕ್ಕೆ ಹೋಗುವುದಿಲ್ಲ. ತುಸು ದೂರ ಸರಿದು, ಬಿಟ್ಟ ನುಡಿಯಿಂದಲೇ ಮುಂದುವರಿಸುತ್ತಾರೆ. ನಿಡಸೋಸಿ ಕಡೆಯ ಚಾಲಕರು ಈಗ ಪದಕ್ಕೆ ಬಾರಿಸಲು ತಮ್ಮದೇ ದಮ್ಮಡಿ ತರುತ್ತಾರೆ.

ತೂಕದ ಕಟ್ಟೆಯಿಂದ ಇವರ ಗಾಡಿಗೆ ಕೂಗು ಬರುತ್ತದೆ. ಏಳುತ್ತ, ತಮ್ಮದೊಂದು ಆಸೆ ಹೇಳುತ್ತಾರೆ:

"ಒಂದಿನ ನಾ ತಡಾ ಮಾಡಿ ಬರಬೇಕ್ರಿ. ಬರೂದ್ರಾಗ ಇಲ್ಲಿ ಪದಾ ಚಾಲೂ ಆಗಿರಬೇಕು."