ದೊಡ್ಡವ್ವ ಓಡಿಸಿದ ಕ್ರೌಂಚಗಳು

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವರ್ಷಗಟ್ಟಲೆ ಶೇಂಗಾ ಒಡೆದದ್ದರ ಗುರುತು ಅದು. ಅವಳು ನನ್ನ ತಾಯಿಯ ಅಕ್ಕ. ಮೇಡ್ಲೇರಿಯಲ್ಲಿ ತುಂಗಭದ್ರೆಯ ದಂಡೆಗೆ ಅವಳ ಹೊಲ. ಭಾನುವಾರ ರಾಣೆಬೆನ್ನೂರಿನಿಂದ ಬಸ್ ಹಿಡಿದು ಹೋದರೆ ಕುಶಲ ಕೇಳುವ ಮೊದಲು ಬೈಗುಳ ಬರುತ್ತಿತ್ತು. "ಬಂದ್ಯಾ? ಊರಾಗ ಯಾರೂ ಊಟಕ್ಕ ಹಾಕಂಗಿಲ್ಲೇನು ನಿನಗ? ಕಡ್ಡಿ ಆಗೀದಿ ನೋಡು."

ಚಳಿಗಾಲದಲ್ಲಿ ಮಾತ್ರ ಅವಳ ದನಿ ಇಳಿಯುತ್ತಿತ್ತು. ಶೇಂಗಾ ಕಿತ್ತ ಹೊಲಕ್ಕೆ ಬೂದು ಕ್ರೌಂಚಗಳು ಇಳಿಯುತ್ತಿದ್ದವು. ಎದೆಯೆತ್ತರದ ಹಕ್ಕಿ, ಕಪ್ಪು ಕೊರಳು, ಕಣ್ಣಿನಿಂದ ಕೆಳಗಿಳಿದ ಬಿಳಿ ಪಟ್ಟೆ, ನೆತ್ತಿಯ ಮೇಲೆ ಕೆಂಪು. ಉತ್ತರದ ದೂರದ ಜೌಗುಗಳಲ್ಲಿ ಗೂಡು ಕಟ್ಟುತ್ತವೆ, ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತವೆ, ಮರಿ ತನ್ನ ಮೊದಲ ಚಳಿಗಾಲವನ್ನು ತಂದೆತಾಯಿಯ ಜೊತೆಗೇ ಕಳೆಯುತ್ತದೆ, ಜೋಡಿ ವರ್ಷಗಟ್ಟಲೆ ಬಿಡುವುದಿಲ್ಲ. ನಾನು ಓದಿದ್ದನ್ನೆಲ್ಲ ಅವಳಿಗೆ ಹೇಳಿದ್ದೆ. "ಜೋಡಿ ಬಿಡಂಗಿಲ್ಲಾ? ಬಿಟ್ಟು ಹೋದ ನಿಮ್ಮ ದೊಡ್ಡಪ್ಪಗ ಹೇಳಬೇಕಿತ್ತು ಇದನ್ನ" ಎಂದು ನಕ್ಕಿದ್ದಳು. ಮಣ್ಣಲ್ಲಿ ಉಳಿದ ಕಾಯಿಗಳನ್ನು ಅವು ಹೆಕ್ಕಿಕೊಳ್ಳಲೆಂದು ಶಿವರಾತ್ರಿವರೆಗೆ ಆ ಹೊಲಕ್ಕೆ ನೇಗಿಲು ಹಾಕಿಸುತ್ತಿರಲಿಲ್ಲ.

ಪಕ್ಕದ ಹೊಲದವನು ಒಂದು ವರ್ಷ ಕಂಪನಿಗೆ ಬೀಜ ಬೆಳೆದುಕೊಡಲು ಗೋವಿನಜೋಳದ ಪ್ಲಾಟು ಮಾಡಿದ. ಕ್ರೌಂಚಗಳು ಮೊಳಕೆ ಕಿತ್ತವು. ಅದು ಸುಳ್ಳಲ್ಲ, ನಾನೇ ನೋಡಿದ್ದೇನೆ. ಅವನು ಬಂದು ಜಗಳ ತೆಗೆದ. "ನೀವು ಹಕ್ಕಿ ಸಾಕ್ತೀರಿ ಅಕ್ಕಾರ, ನನ್ನ ಹೊಲ ಮೇಯ್ತಾವ." ದೊಡ್ಡವ್ವ ತಾನೇ ಅವನ ಬದುವಿನ ಮೇಲೆ ಕಾವಲು ಕೂಡುವುದಾಗಿ ಹೇಳಿದಳು. ಹೇಳಿದಂತೆ ಕೂತಳು. ಹಕ್ಕಿಗಳು ಅವಳ ಹೊಲಕ್ಕೇ ಬಂದು ಮೇಯತೊಡಗಿದವು. ಅಷ್ಟು ಸಾಕಾಗಿತ್ತು. ಅವನಿಗೆ ಸಾಕಾಗಲಿಲ್ಲ.

ಅದೇ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿದ್ದೆ. ಕಂಡಷ್ಟನ್ನೇ ಬರೆಯುತ್ತೇನೆ. ದೊಡ್ಡವ್ವನ ಹೊಲದಲ್ಲಿ, ಅವನ ಬದುವಿನ ಹತ್ತಿರ, ಒಂದು ಕ್ರೌಂಚ ರೆಕ್ಕೆ ಹರಡಿ ಬಿದ್ದಿತ್ತು. ಕೊಕ್ಕು ತೆರೆದಿತ್ತು, ಕಾಲು ಅದುರುತ್ತಿತ್ತು. ಅದರ ಜೋಡಿ ಪಕ್ಕದಲ್ಲಿ ನಿಂತಿತ್ತು. ಅವುಗಳ ಮರಿ, ತಲೆ ಇನ್ನೂ ಕಂದು, ಸ್ವಲ್ಪ ಆಚೆ ಏನನ್ನೋ ಹೆಕ್ಕುತ್ತಿತ್ತು. ದೊಡ್ಡವ್ವ ಬಗ್ಗಿ ನೆಲ ನೋಡಿದಳು. ಶೇಂಗಾ ಹೊಲದಲ್ಲಿ ಬಿಳಿಜೋಳ ಚೆಲ್ಲಿತ್ತು. ಮೂಸಿದಳು. ಬೆಳೆಗೆ ಹೊಡೆಯುವ ಔಷಧದ ವಾಸನೆ.

"ಎದ್ದು ಹೋಗ್ರ್ಯೋ! ತಿನಬ್ಯಾಡ್ರಿ!" ಎಂದು ಚೀರುತ್ತ ಓಡಿದಳು. ಮರಿ ಹಾರಿತು, ಹೊಲದಲ್ಲಿದ್ದ ಉಳಿದ ಹಕ್ಕಿಗಳೂ ಹಾರಿದವು. ಜೋಡಿ ಮಾತ್ರ ಹಾರಲಿಲ್ಲ. ಬಿದ್ದದ್ದರ ಸುತ್ತ ಸುತ್ತುತ್ತ ಕಹಳೆಯಂತೆ ಕೂಗುತ್ತಿತ್ತು, ನಡುನಡುವೆ ನೆಲಕ್ಕೆ ಕೊಕ್ಕು ಹಾಕುತ್ತಿತ್ತು. ದೊಡ್ಡವ್ವ ಮಣ್ಣಿನ ಹೆಂಟೆ ಎತ್ತಿ ಬೀಸಿದಳು. ಎರಡನೆಯದು ಅದರ ಎದೆಗೇ ಬಡಿಯಿತು. ಆಗ ಹೋಯಿತು. ಹೊಳೆಯ ಮೇಲೆ ಎಷ್ಟೋ ಹೊತ್ತು ಕೂಗುತ್ತ ಸುತ್ತಿತು. ಅವಳು ಅಲ್ಲೇ ಕೂತು ಒಂದೊಂದೇ ಕಾಳು ಆರಿಸಿದಳು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೋ ಎಂದು ನಾನು ಬೇಡಿಕೊಳ್ಳಬೇಕಾಯಿತು.

ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಮಧ್ಯಾಹ್ನ ಬಂದರು. ಸತ್ತ ಹಕ್ಕಿಯ ಫೋಟೋ ತೆಗೆದರು. ಕಾಳಿನ ಚೀಲ ಮುಟ್ಟಲಿಲ್ಲ. "ಇದು ಅಳಿವಿನಂಚಿನ ಜಾತಿ ಅಲ್ರೀ ಅಜ್ಜಿ. ಜಗತ್ತಿನಾಗ ಲಕ್ಷಗಟ್ಟಲೆ ಅದಾವ" ಎಂದರು. ಅವರ ಕೈಯಲ್ಲಿ ಪಕ್ಕದ ಹೊಲದವನು ತಂದುಕೊಟ್ಟ ಚಹಾ ಇತ್ತು.

"ಜಗತ್ತಿನಾಗ ಇರಬಹುದು ಸಾಹೇಬ್ರ. ಆ ಜೋಡಿಗೆ ಇದೊಂದ ಇತ್ತು" ಎಂದಳು ದೊಡ್ಡವ್ವ.

ಸಂಖ್ಯೆ ಸರಿ. ನಾನೂ ಓದಿದ್ದೇನೆ. ಜಗತ್ತಿನ ಲೆಕ್ಕದಲ್ಲಿ ಈ ಹಕ್ಕಿ ಸದ್ಯ ಅಪಾಯದಲ್ಲಿಲ್ಲ. ಆದರೆ ಆ ಮಾತನ್ನು ವಿಷವಿಟ್ಟವನ ಚಹಾ ಕುಡಿಯುತ್ತ ಹೇಳಿದ್ದನ್ನು ನಾನು ಕ್ಷಮಿಸಿಲ್ಲ. ಯಾರ ಮೇಲೂ ಕೇಸು ಆಗಲಿಲ್ಲ. ಹಕ್ಕಿಯನ್ನು ಬದುವಿನ ಬೇವಿನ ಬುಡದಲ್ಲಿ ಹೂಳಿದೆವು.

ಮುಂದಿನ ಚಳಿಗಾಲ ಕ್ರೌಂಚಗಳು ಮತ್ತೆ ಬಂದವು. ದೊಡ್ಡವ್ವ ಹಿಟ್ಟು ನಾದುವ ಹಿತ್ತಾಳೆ ಪರಾತ ಹಿಡಿದು ಹೊಲದ ನಡುವೆ ನಿಂತಿದ್ದಳು. ಅವು ಇಳಿಯುವ ಮೊದಲೇ ಬಡಿದಳು. ಆಚೆ ದಂಡೆಗೆ ಹೋದವು. ದಿನವೂ ಬಡಿದಳು.

"ನನ್ನ ಕಂಡ್ರ ಅಂಜಬೇಕು ಅವು" ಎಂದಳು. "ಅವನು ಇರೋತನಕ ಈ ಮಣ್ಣ ತುಳೀಬಾರ್ದು." ಹೇಳುವಾಗ ಮುಖವನ್ನು ಆ ಕಡೆ ತಿರುಗಿಸಿದ್ದಳು.

ಹೋದ ಮಳೆಗಾಲ ಜ್ವರದಲ್ಲಿ ದೊಡ್ಡವ್ವ ತೀರಿಕೊಂಡಳು. ಈ ಚಳಿಗಾಲ ಪರಾತ ಬಡಿಯುತ್ತಿರುವವನು ನಾನು. ಮೊನ್ನೆ ಗುಂಪು ಬಹಳ ಕೆಳಕ್ಕೆ ಬಂದಿತ್ತು. ಇಳಿಯಲು ಚಾಚಿದ ಕಾಲುಗಳು ಕಾಣುತ್ತಿದ್ದವು. ಬಡಿದೆ. ಮೇಲಕ್ಕೆದ್ದು ಹೊಳೆಯಾಚೆಗೆ ತಿರುಗಿದವು.

ಬದುವಿನ ಮೇಲಿಂದ ಪಕ್ಕದ ಹೊಲದವನು ನಗುತ್ತ ಕೂಗಿದ: "ಚಲೋ ಆತ್ ಬಿಡೋ ತಮ್ಮಾ! ನನ್ನ ಕೆಲಸ ನೀನ ಮಾಡಾಕತ್ತಿ!"

ಹಿಂದೆ ಉಳಿದ ಒಂದು ಹಕ್ಕಿ ಇನ್ನೂ ನಮ್ಮ ಹೊಲದ ಮೇಲೆಯೇ ಸುತ್ತುತ್ತಿತ್ತು. ಮತ್ತೆ ಬಡಿದೆ.