ಗಂಟೆ ಇಲ್ಲದ ಕಂಪ್ಯೂಟರ್

"ಟಿವಿ ಏನ್ರೀ ಇದು?" ಅಂತ ಕೇಳಿದನಂತೆ ಕಂಡಕ್ಟರ್.

"ಅಲ್ಲ, ಕಂಪ್ಯೂಟರಿಂದು ಮಾನಿಟರ್" ಅಂದನಂತೆ ನನ್ನ ತಮ್ಮ ವೀರೇಶ.

"ಅಂಥಾದ್ದು ನಮ್ಮ ಚಾರ್ಟಿನ್ಯಾಗ ಇಲ್ಲ. ಟಿವಿ ಅಂತ ಲಗೇಜ್ ಚೀಟಿ ಹರೀತೀನಿ. ಬ್ಯಾಡ ಅಂದ್ರ ಮ್ಯಾಲೆ ಹಾಕು."

ಮೇಲೆ ಅಂದರೆ ಬಸ್ಸಿನ ಟಾಪು. ಅಲ್ಲಿ ಆಗಲೇ ಈರುಳ್ಳಿ ಚೀಲ, ಎರಡು ಕೋಳಿ ಬುಟ್ಟಿ, ಯಾರದೋ ಮದುವೆಯ ಮಂಚ. ನನ್ನ ತಮ್ಮ ಚೀಟಿ ಹರಿಸಿಕೊಂಡ. ಕುರುಗೋಡಿನಿಂದ ಅವ್ವ ಕೊಟ್ಟು ಕಳಿಸಿದ್ದ ಕೌದಿಯಲ್ಲಿ ಮಾನಿಟರನ್ನು ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು, ಬೆಂಗಳೂರಿನಿಂದ ಬಳ್ಳಾರಿವರೆಗೆ ಹಾಗೇ ಬಂದ. ಇಳಿಯುವಾಗ ಕಾಲು ಜೋಮು ಹಿಡಿದು ಮುಗ್ಗರಿಸಿದ. ಮೊಣಕಾಲು ತರಚಿತು. ಮಾನಿಟರ್ ಮಾತ್ರ ಕೈಬಿಡಲಿಲ್ಲ.

ಕೂಸನ್ನೂ ಯಾರೂ ಹಾಗೆ ಎತ್ತಿಕೊಂಡು ಬಂದಿರಲಿಕ್ಕಿಲ್ಲ.

ಇದು ಹೋದ ದಸರೆಯ ಮಾತು. ನನ್ನ ಅಂಕಣ ಓದುವವರಿಗೆ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವುದು ಗೊತ್ತು. (ಗೊತ್ತಿಲ್ಲದವರಿಗೆ: ಬ್ರೂಸ್‌ಪೇಟೆಯಲ್ಲಿ, ಕಿರಾಣಿ ಅಂಗಡಿಯ ಮೇಲಿನ ಮಹಡಿ. ಬೆಳಿಗ್ಗೆ ಆರಕ್ಕೇ ಆಲಿಕಲ್ಲು ಬಿದ್ದಂಥ ಸದ್ದು ಕೇಳಿದರೆ ಅದೇ ನಾವು.) ಅಲ್ಲಿಗೆ ಒಂದು ಕಂಪ್ಯೂಟರ್ ಬೇಕು ಅಂತ ನನ್ನ ತಲೆಗೆ ಹೊಕ್ಕಿತ್ತು. ನನ್ನ ತಲೆಗೆ ಒಂದು ಹೊಕ್ಕರೆ ಹೊರಗೆ ಬರುವುದು ಕಷ್ಟ. ಹಾಗಿಲ್ಲದಿದ್ದರೆ ಕುರುಗೋಡಿನ ಸಂತೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದವನ ಮಗಳು ಬಿ.ಕಾಂ. ಆಗುತ್ತಿದ್ದಳೇ? ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕಂಪನಿಯಿಂದ ಇಡೀ ಕಂಪ್ಯೂಟರೇ ತರಿಸಬಹುದಿತ್ತಲ್ಲ ಅನ್ನುತ್ತೀರಿ. ಕಂಪನಿಯವರು ಬಂದಿದ್ದರು. ಬಳ್ಳಾರಿಯ ಏಪ್ರಿಲ್‌ನಲ್ಲಿ ಟೈ ಕಟ್ಟಿಕೊಂಡು! (ಆ ಧೈರ್ಯಕ್ಕೇ ಒಂದು ಆರ್ಡರ್ ಕೊಡಬೇಕಿತ್ತು.) ಎಸಿ ರೂಮು ಬೇಕು, ನೆಲಕ್ಕೆ ಕಾರ್ಪೆಟ್ ಬೇಕು, ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು ಅಂದರು. ಆಮೇಲೆ ಬೆಲೆ ಹೇಳಿದರು. ನಾನು ಮಜ್ಜಿಗೆ ಕೊಟ್ಟು ಕಳಿಸಿದೆ.

ಆಗ ವೀರೇಶ ಬಾಯಿ ಬಿಟ್ಟ. ಡಿಪ್ಲೊಮಾ ಮುಗಿಸಿ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಮೋಟರು, ಸ್ವಿಚ್ಚು ನೋಡಿಕೊಳ್ಳುವ ಹುಡುಗ ಅವನು.

"ಅಕ್ಕಾ, ಲಾರಿ ಹೆಂಗ ತರ್ತಾರ? ಚಾಸಿ ಒಂದ್ ಕಡಿ ತಗೊಂಡು ಬಾಡಿ ನಮ್ಮೂರಾಗ ಕಟ್ಟಸ್ತಾರ. ನಮಗ ಬೇಕಾದಂಗ. ಇದೂ ಹಂಗs. ಒಂದೊಂದು ಪಾರ್ಟ್ ಆರಿಸಿ ತಂದು ನಾವs ಕೂಡಸೋಣು."

"ನಿನಗ ಬರತೈತೇನಲೇ?"

"ಬರಲಿಲ್ಲಂದ್ರ ಕಲಿತೀನಿ. ನೀ ಹೆಂಗ ಕಲ್ತಿ?"

ನಾನು ಕಾಗದ, ಪೆನ್ನು ತೆಗೆದೆ. ಶುರುವಾಯಿತು ಆರಿಸುವ ಕೆಲಸ. ನೋಡಿ, ಹೆಣ್ಣು ನೋಡಲು ಹೋದವರೂ ಇಷ್ಟು ಜಗಳ ಆಡುವುದಿಲ್ಲ. ನನಗೆ ಬೇಕಾದದ್ದು ಕೆಲಸದ ಯಂತ್ರ. ಅವನಿಗೆ ಬೇಕಾದದ್ದು ಆಟದ ಯಂತ್ರ. ಅವನು ಬೆಂಗಳೂರಿನ ಗೆಳೆಯನ ರೂಮಿನಲ್ಲಿ ಪರದೆಯ ಮೇಲೆ ವಿಮಾನ ಹೊಡೆದುರುಳಿಸಿ ಬಂದಿದ್ದ. ಅಂದಿನಿಂದ ಅವನ ನಿದ್ದೆ ಹಾರಿತ್ತು.

"ಕಲರ್ ಮಾನಿಟರ್ ಅಕ್ಕಾ. ಒಮ್ಮೆ ನೋಡಿದ್ರ ಕಣ್ಣು ಕೀಳಾಕ ಆಗಂಗಿಲ್ಲ."

"ಕಲರ್ ಹಚ್ಚಿದ್ರ ಹಾರ್ಡ್ ಡಿಸ್ಕಿಗೆ ರೊಕ್ಕ ಉಳಿಯಂಗಿಲ್ಲ. ಲೆಕ್ಕ ಎಲ್ಲಿ ಇಡ್ಲಿ, ನಿನ್ನ ತಲಿಮ್ಯಾಲೇನು?"

ಹಾರ್ಡ್ ಡಿಸ್ಕ್ ಗೆದ್ದಿತು. ಮಾನಿಟರ್ ಒಂದೇ ಬಣ್ಣದ್ದಾಯಿತು. ಕಪ್ಪು ಪರದೆ, ಅರಿಷಿಣದ ಬಣ್ಣದ ಅಕ್ಷರ. ಆಟ ಆಡುವ ಜಾಯ್‌ಸ್ಟಿಕ್ಕನ್ನು ನಾನು ಪಟ್ಟಿಯಿಂದ ಹೊಡೆದು ಹಾಕಿದೆ. ಸ್ಪೀಕರನ್ನೂ ಹೊಡೆದು ಹಾಕಿದೆ. ಕೆಲಸದ ಯಂತ್ರಕ್ಕೆ ಬಾಯಿ ಯಾಕೆ? ಒಂದೇ ಒಂದು ವಿಷಯದಲ್ಲಿ ಅವನ ಮಾತಿಗೆ ಎದುರಾಡಲಿಲ್ಲ. "ಎಲ್ಲಾಕ್ಕಿಂತ ಮೊದ್ಲು ಒಳ್ಳೆ ಸ್ಟೆಬಿಲೈಜರ್. ನಮ್ಮ ಕಡಿ ಕರೆಂಟು ಹೊಸಾ ಹೋರಿ ಇದ್ದಂಗ. ಒಮ್ಮೆ ಓಡತೈತಿ, ಒಮ್ಮೆ ಮಕ್ಕೊಂತೈತಿ" ಅಂದ. ಮಿಲ್ಲಿನಲ್ಲಿ ಸುಟ್ಟ ಮೋಟರು ಬಿಚ್ಚಿ ಬಿಚ್ಚಿ ಬೆರಳು ಕಪ್ಪಾದವನ ಮಾತು. ಒಪ್ಪಿದೆ.

ಹೀಗೆ ಪ್ರಿಂಟರಿನವರೆಗೆ ಎಲ್ಲ ಆರಿಸಿದೆವು. ಒಂದು ಉಳಿಯಿತು. ಕೀಬೋರ್ಡು.

ಅದನ್ನು ಆರಿಸಬೇಕಾದವರು ನಮ್ಮ ಖಾಜಾ ಮಾಸ್ತರರು. ಅವರೇ ಸಿಟ್ಟಾಗಿ ಕೂತಿದ್ದರು.

ಖಾಜಾ ಮಾಸ್ತರರು ಈಗ ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಾರೆ. ಅದಕ್ಕೂ ಮುಂಚೆ ನನಗೇ ಕಲಿಸಿದವರು. ಹಳೆಯ ಮಾಲೀಕರು ಊರು ಬಿಟ್ಟಾಗ ಇನ್‌ಸ್ಟಿಟ್ಯೂಟನ್ನು ನಾನು ತೆಗೆದುಕೊಂಡೆ. ಮಾಸ್ತರರನ್ನೂ ಟೈಪ್‌ರೈಟರುಗಳನ್ನೂ ಒಟ್ಟಿಗೇ ಪಡೆದೆ ಅನ್ನಿ. ನಾನು ಕಲಿಯುವಾಗ ಕುರುಗೋಡಿನ ಕಡೇ ಬಸ್ಸು ತಪ್ಪಬಾರದು ಅಂತ ನನ್ನ ಬ್ಯಾಚಿನ ಹೊತ್ತನ್ನೇ ಹಿಂದೆ ಸರಿಸಿದ್ದರು. ಪರೀಕ್ಷೆಗೆ ನಮ್ಮ ನಮ್ಮ ಮಷೀನು ನಾವೇ ಒಯ್ಯಬೇಕಲ್ಲ? ನನ್ನದನ್ನು ತಮ್ಮ ಸೈಕಲ್ ಕ್ಯಾರಿಯರಿಗೆ ಬಿಗಿದು, ಪಕ್ಕದಲ್ಲಿ ನಡೆದು ಬಂದಿದ್ದರು. "ಮಷೀನಿಗೆ ಧಕ್ಕಿ ಆದ್ರ ಅಕ್ಷರ ಕುಣಿತಾವ" ಅಂತ ದಾರಿಯುದ್ದಕ್ಕೂ ಒಂದು ಕೈ ಅದರ ಮೇಲೇ ಇಟ್ಟಿದ್ದರು.

ಕಂಪ್ಯೂಟರ್ ಬರುವ ಸುದ್ದಿ ಕೇಳಿದ ದಿನ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. "ಈ ತಿಂಗಳು ಮುಗಿಸಿ ಹೋಗ್ತೀನ್ರಿ ಮೇಡಮ್. ನಮ್ಮ ಅಳಿಯಂದು ಸಿರುಗುಪ್ಪದಾಗ ಟೈರ್ ಅಂಗಡಿ ಐತಿ. ಪಂಚರ್ ನೋಡ್ಕೊಂತ ಕುಂತರಾತು."

ಶರಣವ್ವ ಅನ್ನುತ್ತಿದ್ದವರು ಮೇಡಮ್ ಅಂದಿದ್ದರು. ಅದೇ ಸಾಕಾಗಿತ್ತು ನನಗೆ. ಆ ಕೈ ಟೈರ್ ಅಂಗಡಿಯಲ್ಲಿ! ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಅವರಿಲ್ಲದೆ ನಾನು ಕಂಪ್ಯೂಟರ್ ಇಟ್ಟುಕೊಂಡು ಏನು ಮಾಡಲಿ? ಆರತಿ ಎತ್ತಲೇ?

ವೀರೇಶ ಪರಿಚಯದ ಅಂಗಡಿಯಿಂದ ಬೇರೆ ಬೇರೆ ಥರದ ಮೂರು ಕೀಬೋರ್ಡು ತಂದಿದ್ದ. ಬೇಕಾದ್ದು ಇಟ್ಟುಕೊಂಡು ಉಳಿದದ್ದು ವಾಪಸು ಕೊಡುವ ಮಾತಾಗಿತ್ತು. ಮೂರನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟು ಮಾಸ್ತರರನ್ನು ಕರೆದೆ. "ನೀವು ಹೇಳಿದ್ದು ಇಟ್ಕೊಂತೀವಿ, ಬರ್ರಿ ಮಾಸ್ತರ."

"ನನ್ನ ಗೋರಿಗೆ ಕಲ್ಲು ಆರಿಸಾಕ ನನ್ನನ್ನs ಕರಿತೀರೇನ್ರಿ ಮೇಡಮ್?" ಅಂದರು.

ವೀರೇಶ ಸುಮ್ಮನಿರಲಾರದೆ ಒಂದು ಕೀಬೋರ್ಡಿನ ಮೇಲೆ ಒಂದೇ ಬೆರಳಲ್ಲಿ ಕುಟ್ಟತೊಡಗಿದ. ಕಾಗೆ ಕಾಳು ಕುಕ್ಕಿದಂತೆ. ಮಾಸ್ತರರಿಗೆ ಎಲ್ಲ ಸಹಿಸಲು ಬರುತ್ತದೆ, ತಪ್ಪು ಬೆರಳು ಸಹಿಸಲು ಬರುವುದಿಲ್ಲ. "ಏಳಲೇ!" ಅಂದವರೇ ಅವನನ್ನು ಸರಿಸಿ ಕೂತರು. ಹೆಗಲ ಮೇಲಿನ ಟವೆಲ್ಲು ತೆಗೆದು ಎರಡೂ ಕೈ ಮುಚ್ಚುವಂತೆ ಕೀಬೋರ್ಡಿನ ಮೇಲೆ ಹಾಸಿದರು. ನಮಗೆಲ್ಲ ಅವರು ಕಲಿಸಿದ್ದೇ ಹಾಗೆ: ಟವೆಲ್ಲಿನ ಕೆಳಗೆ. ಕಣ್ಣು ಅಕ್ಷರದ ಮೇಲೆ ಹೋದರೆ ಬೆರಳು ಸೋಮಾರಿಯಾಗುತ್ತದೆ ಅನ್ನುವುದು ಅವರ ಮತ. ಟೈಪಿಂಗಿನ ಮೊದಲ ಪಾಠವನ್ನೇ ಹೊಡೆದರು: ಎ ಎಸ್ ಡಿ ಎಫ್ ಜಿ ಎಫ್. ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಮೊದಲನೆಯ ಕೀಬೋರ್ಡು ಮುಟ್ಟಿ, "ಇದು ಬೆಣ್ಣಿ" ಅಂದರು. ಎರಡನೆಯದು, "ಇದು ಕಲ್ಲು." ಮೂರನೆಯದರ ಮೇಲೆ ಕೈ ಸ್ವಲ್ಪ ಹೊತ್ತು ನಿಂತಿತು. ಟಕ ಟಕ ಟಕ.

"ಇದು ಜವಾಬು ಕೊಡತೈತಿ" ಅಂದರು.

ಅದೇ ಉಳಿಯಿತು. ಮಾಸ್ತರರು ಉಳಿದರೇ? ಅದು ಇನ್ನೂ ಗೊತ್ತಿರಲಿಲ್ಲ.

ಎರಡು ದಿನ ವೀರೇಶ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತ. ಎಷ್ಟೋ ಸಲ ಬಿಚ್ಚಿ ಕೂಡಿಸಿದ. ಕೊನೆಗೆ ಅರಿಷಿಣದ ಅಕ್ಷರ ಮೂಡಿದಾಗ ಅವನ ಮುಖ ನೋಡಬೇಕಿತ್ತು ನೀವು. ಜೊತೆಗೇ ಪೆಟ್ಟಿಗೆಯೊಳಗಿಂದ "ಕುಂಯ್" ಅಂತ ಒಂದು ಸದ್ದು.

"ಸ್ಪೀಕರ್ ಬ್ಯಾಡ ಅಂದಿದ್ನಲ್ಲಲೇ?"

"ಊಟ ಬಿಟ್ಟು ಉಳಿಸಿದ್ರಾಗ ತಂದೀನಿ ಅಕ್ಕಾ. ಸದ್ದಿಲ್ಲದ ಆಟ ಉಪ್ಪಿಲ್ಲದ ಅನ್ನ ಇದ್ದಂಗ."

ಬೈದೆ. ಏನು ಪ್ರಯೋಜನ?

ಮರುದಿನವೇ ಸಿರುಗುಪ್ಪದಿಂದ ಅವನ ಮಿಲ್ಲಿನ ಸಾಹುಕಾರರು ಬಂದರು. ಗಂಜಿ ಹಾಕಿದ ಬಿಳಿ ಧೋತರ, ಬಿಳಿ ಜುಬ್ಬ. ಭತ್ತದ ಸೀಜನ್ನಿನ ಬಿಲ್ಲು, ಪತ್ರ, ಲಾರಿ ಚೀಟಿ ಎಲ್ಲ ನಮಗೆ ಕೊಡುವ ಮಾತಿತ್ತು. "ಮೊದ್ಲು ನಮ್ದೊಂದು ಪತ್ರ ಸುದ್ದ ಹೊಡದು ತೋರಸ್ರಿ" ಅಂದಿದ್ದರು. ಈ ಕೆಲಸ ಸಿಕ್ಕರೆ ಕಂಪ್ಯೂಟರ್ ತನ್ನ ಕಾಲ ಮೇಲೆ ನಿಂತಂತೆ.

ಮಾಸ್ತರರನ್ನು ಬೇಡಿಕೊಂಡೆ. ಕೂತರು. ಪರದೆ ನೋಡಿ ವೀರೇಶನನ್ನು ಕೇಳಿದರು, "ಇದರಾಗ ಟೈಪ್‌ರೈಟರಿಂದು ಗಂಟಿ ಎಲ್ಲೈತಿ? ಸಾಲು ಮುಗಿಯಾಕ ಬಂತು ಅಂತ ಹೆಂಗ ಗೊತ್ತಾಗತೈತಿ?"

"ಗೊತ್ತಾಗೋದs ಬ್ಯಾಡ ಮಾಸ್ತರ. ಅದs ಕೆಳಗಿನ ಸಾಲಿಗೆ ಹೋಗತೈತಿ."

"ಅದs ಹೋಗೋದಾದ್ರ ನಾನ್ಯಾಕ?"

ಇದಕ್ಕೆ ಏನು ಹೇಳುತ್ತೀರಿ ನೀವು?

ಆದರೂ ಶುರುಮಾಡಿದರು. ಬೆರಳು ಓಡಿದ್ದು ಕಂಡು ಸಾಹುಕಾರರು ಎಲೆಯಡಿಕೆ ಅಗಿಯುವುದನ್ನೇ ಮರೆತರು. ಮೊದಲ ಸಾಲು ತುಂಬಿತು. ತುಂಬಿದ್ದೇ ತಡ, ಮಾಸ್ತರರ ಎಡಗೈ ತಾನಾಗಿ ಮೇಲೆದ್ದಿತು. ಇಷ್ಟು ವರ್ಷ ಸಾಲು ಮುಗಿದಾಗಲೆಲ್ಲ ಟೈಪ್‌ರೈಟರಿನ ಹಿಡಿ ತಳ್ಳಿ ಕಾಗದದ ಗಾಡಿಯನ್ನು ಬಲಕ್ಕೆ ಸರಿಸಿದ ಕೈ ಅದು. ಅದಕ್ಕೇನು ಗೊತ್ತು, ಇಲ್ಲಿ ಹಿಡಿಯೂ ಇಲ್ಲ, ಗಾಡಿಯೂ ಇಲ್ಲ ಅಂತ? ಮಾನಿಟರಿನ ಎಡಗಡೆ ಸಾಹುಕಾರರಿಗೆ ತಂದಿಟ್ಟ ಚಹಾದ ಲೋಟ ಇತ್ತು. ಮೇಲೆದ್ದ ಕೈ ನೇರ ಲೋಟಕ್ಕೆ. ಲೋಟ ಮಗುಚಿತು. ಚಹಾ ನೇರ ಬಿಳಿ ಧೋತರಕ್ಕೆ.

ವೀರೇಶ ನಕ್ಕುಬಿಟ್ಟ. (ಕೆಟ್ಟವನಲ್ಲ. ನಗು ಬಂತು, ನಕ್ಕ.) ಬಾಗಿಲಲ್ಲಿ ನಿಂತ ಬ್ಯಾಚಿನ ಹುಡುಗಿಯರೂ ನಕ್ಕರು. ಮಾಸ್ತರರು ನಗಲಿಲ್ಲ. ಪತ್ರವನ್ನು ಪೂರ್ತಿ ಹೊಡೆದರು. ಪ್ರತಿ ಸಾಲಿನ ಕೊನೆಗೂ ಎಡಗೈ ಎದ್ದಿತು, ಅದನ್ನು ಹಿಡಿದು ತಂದು ಮತ್ತೆ ಕೂರಿಸಿದರು. ಮುಗಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಕೈ ಹಳೇದಾತ್ರಿ ಮೇಡಮ್" ಅಂತ ಮೆಟ್ಟಿಲು ಇಳಿದು ಹೋದರು.

ಸಾಹುಕಾರರು ಪ್ರಿಂಟಾದ ಪತ್ರ ಹಿಡಿದು ಮೇಲಿನಿಂದ ಕೆಳಕ್ಕೆ ಓದಿದರು. ಮತ್ತೆ ಓದಿದರು. ಒಂದು ತಪ್ಪಿಲ್ಲ.

"ತಂಗೀ, ಈ ಡಬ್ಬಿ ಬಗ್ಗೆ ನನಗೇನೂ ತಿಳಿಯಂಗಿಲ್ಲ" ಅಂದರು, ಒದ್ದೆ ಧೋತರ ಹಿಂಡುತ್ತ. "ಆ ಮಾಸ್ತರ ಕುಂತ್ರ ಕೆಲಸ ಕಳಿಸ್ತೀನಿ. ಇಲ್ಲಂದ್ರ ನಮ್ಮ ಗುಮಾಸ್ತನ ಕೈಬರಹನs ಸಾಕು."

ಆ ಮಾಸ್ತರರೇ ಹೊರಟುಹೋಗಿದ್ದರು.

ಅಂದು ವೀರೇಶ ಸಿರುಗುಪ್ಪಕ್ಕೆ ಹೋಗಲಿಲ್ಲ. ವಿಮಾನ ಹೊಡೆಯುವ ಆಟವನ್ನೂ ಹಚ್ಚಲಿಲ್ಲ. ಬೇಸಿಕ್ ಅನ್ನುವ ಕಂಪ್ಯೂಟರ್ ಭಾಷೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಏನೋ ಕುಟ್ಟುತ್ತ ಕೂತ.

ಬೆಳಿಗ್ಗೆ ಮಾಸ್ತರರು ಎಂದಿನ ಹೊತ್ತಿಗೇ ಬಂದರು. ತಿಂಗಳು ಮುಗಿದಿರಲಿಲ್ಲವಲ್ಲ, ಬ್ಯಾಚು ತಪ್ಪಿಸುವ ಮನುಷ್ಯ ಅಲ್ಲ. ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ ಟೈಪ್‌ರೈಟರುಗಳ ಕೋಣೆಗೆ ಹೋದರು. ಇತ್ತ ವೀರೇಶ ನನ್ನ ಟವೆಲ್ಲನ್ನು ಕೀಬೋರ್ಡಿನ ಮೇಲೆ ಹಾಸಿ, ಹತ್ತೂ ಬೆರಳಲ್ಲಿ, ತಡವರಿಸುತ್ತ ಹೊಡೆಯತೊಡಗಿದ. ಎ ಎಸ್ ಡಿ ಎಫ್ ಜಿ ಎಫ್. ಸಾಲು ತುಂಬುತ್ತ ಬಂದಾಗ ಪೆಟ್ಟಿಗೆಯೊಳಗಿಂದ, "ಕುಂಯ್!"

ಆಟಕ್ಕೆ ಅಂತ ಕದ್ದುಮುಚ್ಚಿ ತಂದ ಸ್ಪೀಕರ್.

ಆ ಕೋಣೆಯಲ್ಲಿ ಮಾಸ್ತರರ ದನಿ ನಿಂತಿತು. ಇನ್ನೊಂದು ಸಾಲು. "ಕುಂಯ್!" ಬಾಗಿಲಲ್ಲಿ ಬಂದು ನಿಂತರು. ಮೂರನೆಯ ಸಾಲಿಗೆ ತಡೆಯಲಾಗಲಿಲ್ಲ.

"ಗಂಟಿ ತಡಾ ಆತಲೇ ವೀರೇಶಿ. ಇನ್ನೂ ಮುಂಚೆ ಬಡೀಬೇಕು. ಬಡದ ಮ್ಯಾಲೆ ಒಂದು ಶಬ್ದ ಹಿಡಿಸೋವಷ್ಟು ಜಾಗ ಉಳೀಬೇಕು. ಇಲ್ಲಂದ್ರ ಶಬ್ದದ ನಡು ಮುರಿತೈತಿ."

"ಎಷ್ಟು ಅಕ್ಷರ ಮುಂಚೆ, ಮಾಸ್ತರ?"

"ಅತ್ಲಾಗ ಸರಿ. ಹೊಡದು ತೋರಸ್ತೀನಿ."

ಅವರು ಕೂತರು. ಹೊಡೆದರು. ವೀರೇಶ ತಿದ್ದಿದ. ಮತ್ತೆ ಹೊಡೆದರು. ಮತ್ತೆ ತಿದ್ದಿದ. ಇಬ್ಬರೂ ಚಹಾ ಕುಡಿಯುವುದನ್ನೇ ಮರೆತರು. ಮಧ್ಯಾಹ್ನದ ಹೊತ್ತಿಗೆ ಗಂಟೆ ಮಾಸ್ತರರಿಗೆ ಬೇಕಾದ ಜಾಗದಲ್ಲಿ ಬಡಿಯತೊಡಗಿತ್ತು. ಸಂಜೆ ಅಕ್ಷರಗಳು ಮೇಲಿನಿಂದ ಉದುರುವ ಒಂದು ಆಟ ಹಚ್ಚಿಕೊಟ್ಟ ವೀರೇಶ. ನೆಲ ಮುಟ್ಟುವ ಮುಂಚೆ ಅಕ್ಷರವನ್ನು ಹೊಡೆಯಬೇಕು. ಮಾಸ್ತರರು ಒಂದನ್ನೂ ನೆಲಕ್ಕೆ ಬಿಡಲಿಲ್ಲ. ಕೊನೆಗೆ ಅದು ನಿಧಾನ ಅನ್ನಿಸಿ, "ಇಷ್ಟs ಏನು ಇದರ ಸ್ಪೀಡು?" ಅಂತ ಯಂತ್ರವನ್ನೇ ಕೇಳಿದರು.

ಆಮೇಲೆ ನನ್ನ ಕಡೆ ತಿರುಗಿ ಅಂದರು, "ಶರಣವ್ವಾ, ನಾಳಿ ಬ್ಯಾಚಿಗೆ ಇಲ್ಲಿ ಇನ್ನೊಂದು ಸ್ಟೂಲ್ ಹಾಕ್ಸು."

ಮೇಡಮ್ ಅನ್ನಲಿಲ್ಲ ನೋಡಿ.

ಈಗ ಸಿರುಗುಪ್ಪದ ಮಿಲ್ಲಿನ ಕೆಲಸ ನಮ್ಮಲ್ಲೇ. ಅಳಿಯನ ಟೈರ್ ಅಂಗಡಿ ಅಳಿಯನೇ ನೋಡಿಕೊಳ್ಳುತ್ತಾನೆ. ಕಂಪ್ಯೂಟರಿನ ಬ್ಯಾಚು ಶುರುವಾಗಿ ಕೆಲವು ತಿಂಗಳಾಯಿತು. ಮೋಕಾದಿಂದ, ಕುರುಗೋಡಿನಿಂದ ಬಸ್ಸಿಗೆ ಬರುವ ಹುಡುಗಿಯರು. ಅವರಲ್ಲಿ ಕೆಲವರು ಟೈಪ್‌ರೈಟರ್ ಮುಟ್ಟಿದವರೇ ಅಲ್ಲ, ನೇರ ಕಂಪ್ಯೂಟರಿಗೆ ಕೂತವರು. ಮಾಸ್ತರರು ಕಲಿಸಿದ್ದನ್ನು ಒಂದೂ ಬಿಡದೆ ಕಲಿತಿದ್ದಾರೆ. ಟವೆಲ್ಲಿನ ಕೆಳಗೆ ಬೆರಳು ಓಡುತ್ತದೆ, ಕಣ್ಣು ಕಾಗದದ ಮೇಲೇ ಇರುತ್ತದೆ. ಕುಂಯ್ ಅಂದಾಗ ಪದ ಮುಗಿಸುತ್ತಾರೆ. ಮುಗಿಸಿದ್ದೇ ತಡ ಆ ಹುಡುಗಿಯರ ಎಡಗೈ ಮೇಲೆದ್ದು ಗಾಳಿಯಲ್ಲಿ ಬಲಕ್ಕೆ ಹೋಗಿ ಬರುತ್ತದೆ. ಜನ್ಮದಲ್ಲಿ ಅವರು ಮುಟ್ಟಿರದ ಗಾಡಿಯನ್ನು ತಳ್ಳಲು!

ಮೊನ್ನೆ ವೀರೇಶ ಬಂದವನು ಅದನ್ನು ನೋಡಿ ನನ್ನ ಮುಖ ನೋಡಿದ. "ಅಕ್ಕಾ, ಅದು ಬೇಕಾಗಿಲ್ಲ ಅಂತ ಈ ಹುಡುಗ್ಯಾರಿಗೆ ಹೇಳಬಾರದೇನು?"

ನಾನ್ಯಾಕೆ ಹೇಳಲಿ? ನನಗೂ ಮಾಸ್ತರರೇ ಕಲಿಸಿದ್ದು.

ನಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಈಗ ಯಾರೂ ಮಾನಿಟರಿನ ಎಡಗಡೆ ಚಹಾ ಇಡುವುದಿಲ್ಲ, ಅಷ್ಟೆ.